ಎಫ್‌ಎಫ್‌ಎಸ್ ಮಾಡಿಸಿದರೆ ಪ್ರಯೋಜನ ಇದೆಯೇ? ಹಣೆ, ದವಡೆ, ಗಂಟಲಮಣಿಯಲ್ಲಿ ಯಾವುದು ಮೊದಲು?

ಸಂಪಿಗೆ

ಟ್ರಾನ್ಸ್ ಮಹಿಳೆಯರ ಮುಖವನ್ನು ಹೆಣ್ಣಿನ ಮುಖದಂತೆ ತಿದ್ದುವ ಸರ್ಜರಿ, ಎಫ್‌ಎಫ್‌ಎಸ್ ಅಂತಾರಲ್ಲ, ಅದರ ಬಗ್ಗೆ ಚೆನ್ನಾಗಿ ಗೊತ್ತಿರುವವರ ಹತ್ತಿರ ಕೇಳಬೇಕಿತ್ತು. ವಯಸ್ಸು 31, ಹಾರ್ಮೋನ್ ಶುರುವಾಗಿ ಒಂದು ವರ್ಷ ದಾಟಿದೆ, ಗಡ್ಡಕ್ಕೆ ಲೇಸರ್ ನಡೆಯುತ್ತಿದೆ. ಹುಬ್ಬಿನ ಮೇಲಿನ ಮೂಳೆ ಮುಂದಕ್ಕೆ ಚಾಚಿದೆ, ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ, ದವಡೆ ಅಗಲ, ಗಂಟಲಮಣಿಯೂ ಕಾಣುತ್ತದೆ.

ಇಬ್ಬರು ಸರ್ಜನ್‌ಗಳು ಎರಡು ತರ ಹೇಳುತ್ತಿದ್ದಾರೆ. ಒಬ್ಬರು ಎಲ್ಲವನ್ನೂ ಒಂದೇ ದಿನ ಮುಗಿಸೋಣ ಅನ್ನುತ್ತಾರೆ, ಇನ್ನೊಬ್ಬರು ಹಣೆಯ ಮೂಳೆ ಸ್ವಲ್ಪ ಉಜ್ಜಿದರೆ ಸಾಕು ಅನ್ನುತ್ತಾರೆ. ಇಷ್ಟು ಹಣ, ಇಷ್ಟು ನೋವಿಗೆ ತಕ್ಕ ಫಲ ಸಿಗುತ್ತದೆಯೇ? ಒಂದೇ ಭಾಗ ಮಾಡಿಸುವಷ್ಟು ಶಕ್ತಿ ಇದ್ದರೆ ಯಾವುದನ್ನು ಆರಿಸಬೇಕು? ಏನೇನು ಕೆಡಬಹುದು ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳಿ.

ತುಂಗಾತೀರ

ಸಂಪಿಗೆ ಅವರೇ, ನೀವು ಬರೆದಂತೆಯೇ ಇದ್ದರೆ ಹಣೆಯ ಕೆಲಸಕ್ಕೆ ಫಲ ಇದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಉಳಿದವಕ್ಕೆ ಅಷ್ಟು ಬೇಗ ಹೂಂ ಅನ್ನಲಾರೆ.

ಹಾರ್ಮೋನ್ ಚರ್ಮವನ್ನು ಮೃದು ಮಾಡುತ್ತದೆ, ಕೆನ್ನೆಗೆ ಕೊಬ್ಬು ತರುತ್ತದೆ. ಆದರೆ ಹರೆಯದಲ್ಲಿ ಬೆಳೆದುಬಿಟ್ಟ ಮೂಳೆಯನ್ನು ಅದು ಮುಟ್ಟುವುದಿಲ್ಲ. ಕೊಬ್ಬಿನ ಬದಲಾವಣೆ ಪೂರ್ತಿಯಾಗಲು 2ರಿಂದ 3 ವರ್ಷ ಬೇಕು. ಹಾಗಾಗಿ ಕೆನ್ನೆ, ದವಡೆಯ ಬಗ್ಗೆ ಈಗಲೇ ತೀರ್ಮಾನ ಮಾಡಿದರೆ ಇನ್ನೂ ಬದಲಾಗುತ್ತಿರುವ ಮುಖದ ಮೇಲೆ ಗರಗಸ ಇಟ್ಟ ಹಾಗೆ. ಹುಬ್ಬಿನ ಮೂಳೆ ಮಾತ್ರ ಇವತ್ತು ಹೇಗಿದೆಯೋ ಐದು ವರ್ಷ ಕಳೆದರೂ ಹಾಗೇ ಇರುತ್ತದೆ, ಅದಕ್ಕೆ ಕಾಯುವುದರಿಂದ ಲಾಭವಿಲ್ಲ.

ಈಗ ‘ಉಜ್ಜಿದರೆ ಸಾಕು’ ಅನ್ನುವ ಮಾತಿಗೆ ಬರೋಣ. ಹುಬ್ಬುಗಳ ನಡುವೆ, ಮೂಳೆಯೊಳಗೆ ಫ್ರಂಟಲ್ ಸೈನಸ್ ಎಂಬ ಗಾಳಿಯ ಪೊಳ್ಳು ಇದೆ. ಅದರ ಮುಂಗೋಡೆ ಕೆಲವೇ ಮಿಲಿಮೀಟರ್ ದಪ್ಪ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಗ್ಲಸ್ ಔಸ್ಟರ್‌ಹೌಟ್ ಈ ಸರ್ಜರಿಗೆ ರೂಪ ಕೊಟ್ಟಾಗ ಹಣೆಗಳನ್ನು ವಿಂಗಡಿಸಿದ್ದೇ ಇದರ ಆಧಾರದ ಮೇಲೆ. ಸೈನಸ್ ಇಲ್ಲದಿದ್ದರೆ, ಅಥವಾ ಮುಂಗೋಡೆ ಸಾಕಷ್ಟು ದಪ್ಪ ಇದ್ದು ಉಬ್ಬು ಕಡಿಮೆಯಿದ್ದರೆ, ಡ್ರಿಲ್‌ನಿಂದ ಉಜ್ಜಿದರೆ ಮುಗಿಯಿತು. ಇದು ಟೈಪ್ 1. ಉಬ್ಬು ಸಾಧಾರಣವಾಗಿದ್ದು ಅದರ ಮೇಲ್ಭಾಗ ತಗ್ಗಾಗಿದ್ದರೆ ಉಜ್ಜಿ, ತಗ್ಗಿಗೆ ಬೋನ್ ಸಿಮೆಂಟ್ ತುಂಬುತ್ತಾರೆ, ಟೈಪ್ 2. ಉಬ್ಬು ಹೆಚ್ಚಿದ್ದು ಗೋಡೆ ತೆಳುವಾಗಿದ್ದರೆ ಟೈಪ್ 3: ಮುಂಗೋಡೆಯನ್ನು ಒಂದೇ ತುಂಡಾಗಿ ಕತ್ತರಿಸಿ ಹೊರತೆಗೆದು, ತಿದ್ದಿ, ಹಿಂದಕ್ಕೆ ಕೂರಿಸಿ, ಸಣ್ಣ ಟೈಟಾನಿಯಂ ಪ್ಲೇಟು–ಸ್ಕ್ರೂಗಳಿಂದ ಬಿಗಿಯುತ್ತಾರೆ. ಕಣ್ಣಿನ ಮೇಲಂಚಿನ ಮೂಳೆಯನ್ನೂ ಅದೇ ಹೊತ್ತಿಗೆ ಉಜ್ಜಿ ತಗ್ಗಿಸುತ್ತಾರೆ. ಕಣ್ಣು ದೊಡ್ಡದಾಗಿ ಕಾಣುವುದು ಬಹುಮಟ್ಟಿಗೆ ಇದರಿಂದಲೇ.

ಟೈಪ್ 3 ಬೇಕಾದ ಹಣೆಗೆ ಬರೀ ಉಜ್ಜಿದರೆ ಎರಡರಲ್ಲಿ ಒಂದು ಆಗುತ್ತದೆ. ಸರ್ಜನ್ ಹೆದರಿ ಒಂದೆರಡು ಮಿಲಿಮೀಟರಿಗೆ ನಿಲ್ಲಿಸುತ್ತಾರೆ, ವ್ಯತ್ಯಾಸ ಕಾಣುವುದೇ ಇಲ್ಲ. ಇಲ್ಲವೇ ಗೋಡೆ ತೂತಾಗಿ ಸೈನಸ್ ತೆರೆದುಕೊಳ್ಳುತ್ತದೆ, ಮುಂದೆ ಸೋಂಕು ಅಥವಾ ಹಣೆಯಲ್ಲಿ ಗುಳಿ. ಹಾಗಾಗಿ ಇಬ್ಬರು ಸರ್ಜನ್‌ಗಳನ್ನೂ ಒಂದೇ ಪ್ರಶ್ನೆ ಕೇಳಿ: ‘ನನ್ನ ಸಿಟಿ ಸ್ಕ್ಯಾನ್‌ನಲ್ಲಿ ಸೈನಸ್‌ನ ಮುಂಗೋಡೆ ಎಷ್ಟು ಮಿಲಿಮೀಟರ್? ಎಷ್ಟು ಹಿಂದೆ ಸರಿಸಬೇಕು?’ 1 ಮಿಮೀ ಅಥವಾ ಅದಕ್ಕಿಂತ ತೆಳು ಸ್ಲೈಸ್‌ಗಳ ಮುಖದ ಸಿಟಿ ಇಲ್ಲದೆ, ಕೈಯಲ್ಲಿ ಸವರಿ ನೋಡಿ ಟೈಪ್ ಹೇಳುವವರ ಹತ್ತಿರ ಮಾಡಿಸಬೇಡಿ.

ಟೈಪ್ 3ರ ತೊಂದರೆಗಳು: ನೆತ್ತಿಯಲ್ಲಿ ತಿಂಗಳುಗಟ್ಟಲೆ ಜೋಮು (ಕೆಲವರಿಗೆ ಒಂದಿಷ್ಟು ಕಾಯಂ ಉಳಿಯುತ್ತದೆ), ಹೊಲಿಗೆಯ ಸುತ್ತ ಕೂದಲು ಉದುರುವುದು (ಬಹುತೇಕ ಮತ್ತೆ ಬರುತ್ತದೆ), ಹುಬ್ಬು ಎತ್ತುವ ನರಕ್ಕೆ ಪೆಟ್ಟು. ಸೈನಸ್ ಮೂಗಿಗೆ ಇಳಿಯುವ ದಾರಿ ಕಟ್ಟಿಕೊಂಡರೆ ವರ್ಷಗಳ ನಂತರ ಮ್ಯೂಕೋಸೀಲ್ ಎಂಬ ಲೋಳೆಯ ಚೀಲ ಬೆಳೆಯಬಹುದು. ಹಿಂಗೋಡೆಯ ಆಚೆ ಮಿದುಳಿನ ಪೊರೆ ಇದೆ. ಅಪರೂಪಕ್ಕೆ ಅದು ಹರಿದರೆ ಮೂಗಿನಿಂದ ನೀರಿನಂಥ, ಉಪ್ಪು ರುಚಿಯ ದ್ರವ ತೊಟ್ಟಿಕ್ಕುತ್ತದೆ. ಅದನ್ನು ನೆಗಡಿ ಎಂದು ಸುಮ್ಮನಿರದೆ ಆ ಹೊತ್ತೇ ಆಸ್ಪತ್ರೆಗೆ ಹೋಗಬೇಕು.

ಕೂದಲು ಮೂಲೆಯಲ್ಲಿ ಸರಿದಿರುವುದರಿಂದ ಕೊಯ್ತ ಎಲ್ಲಿ ಅನ್ನುವುದೂ ಮುಖ್ಯ. ಕೂದಲಂಚಿನಲ್ಲೇ ಕೊಯ್ದರೆ ನೆತ್ತಿಯ ಚರ್ಮವನ್ನು 1ರಿಂದ 2 ಸೆಂಮೀ ಮುಂದೆ ತರಬಹುದು. ಬ್ಲೇಡನ್ನು ಓರೆ ಹಿಡಿದು ಕೊಯ್ದರೆ ಕಲೆಯ ಮೂಲಕವೇ ಕೂದಲು ಮೊಳೆತು ಕಲೆ ಮುಚ್ಚಿಕೊಳ್ಳುತ್ತದೆ. ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಕೊಯ್ದರೆ ಕಲೆ ಕೂದಲೊಳಗೆ ಅಡಗುತ್ತದೆ, ಆದರೆ ಕೂದಲಂಚು ಕೆಳಗೆ ಬರುವುದಿಲ್ಲ, ಹಿಂದಕ್ಕೇ ಹೋಗಬಹುದು. ನಿಮಗೆ ಮೊದಲನೆಯದು ಹೊಂದುತ್ತದೆ. ಮೂಲೆಗಳ ಕೂದಲು ಮಾತ್ರ ಅದರಿಂದ ಪೂರ್ತಿ ತುಂಬುವುದಿಲ್ಲ, 6ರಿಂದ 12 ತಿಂಗಳ ನಂತರ ಹೇರ್ ಟ್ರಾನ್ಸ್‌ಪ್ಲಾಂಟ್ ಬೇಕಾಗುತ್ತದೆ.

ದವಡೆತಜ್ಞ_ಮೈಸೂರು

ಹಣೆಯ ವಿಷಯದಲ್ಲಿ ತುಂಗಾತೀರ ಅವರ ಮಾತು ಒಪ್ಪುತ್ತೇನೆ. ದವಡೆ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿ ಹೇಳುತ್ತೇನೆ: ಎಫ್‌ಎಫ್‌ಎಸ್‌ನಲ್ಲಿ ಜನ ಅಗತ್ಯಕ್ಕಿಂತ ಹೆಚ್ಚು ಮಾಡಿಸಿಕೊಂಡು ಪಶ್ಚಾತ್ತಾಪಪಡುವ ಭಾಗ ಇದು.

ಮೊದಲು ನೋಡಬೇಕಾದ್ದು ಅಗಲ ಎಲ್ಲಿಂದ ಬಂದಿದೆ ಅನ್ನುವುದು. ಹಲ್ಲು ಕಚ್ಚಿ ಹಿಡಿದು ಕಿವಿಯ ಕೆಳಗೆ ಬೆರಳಿಡಿ. ಗಟ್ಟಿಯಾಗಿ ಉಬ್ಬುವುದು ಮ್ಯಾಸೆಟರ್ ಸ್ನಾಯು. ಅದೇ ದೊಡ್ಡದಿದ್ದರೆ ಬೊಟಾಕ್ಸ್ ಚುಚ್ಚುಮದ್ದಿನಿಂದ ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ, ಪರಿಣಾಮ ಸುಮಾರು ಅರ್ಧ ವರ್ಷ ಇರುತ್ತದೆ. ಮೂಳೆ ಕತ್ತರಿಸುವ ಮುನ್ನ ಇದನ್ನು ಒಮ್ಮೆ ಮಾಡಿಸಿ ನೋಡುವುದು ಜಾಣತನ, ಯಾಕೆಂದರೆ ಇಷ್ಟವಾಗದಿದ್ದರೆ ತಾನೇ ಹೋಗುತ್ತದೆ. ತೆಗೆದ ಮೂಳೆ ವಾಪಸ್ ಬರುವುದಿಲ್ಲ.

ಮೂಳೆಯೇ ಕಾರಣವಾದರೆ ಬಾಯೊಳಗಿನಿಂದ, ವಸಡಿನ ಪಕ್ಕ ಕೊಯ್ದು, ದವಡೆಯ ಕೋನವನ್ನು ಗರಗಸ ಅಥವಾ ಡ್ರಿಲ್‌ನಿಂದ ದುಂಡು ಮಾಡುತ್ತಾರೆ. ಕೋನ ಪೂರ್ತಿ ಹಾರಿಸಿಬಿಟ್ಟರೆ ಕಿವಿಯಿಂದ ಗದ್ದಕ್ಕೆ ಒಂದೇ ಇಳಿಜಾರು ಗೆರೆ ಉಳಿದು ಮುಖ ಅಸಹಜವಾಗಿ ಕಾಣುತ್ತದೆ, ಸರಿಪಡಿಸಲು ಆಮೇಲೆ ಇಂಪ್ಲಾಂಟ್ ಕೂರಿಸಬೇಕು. ಹೆಣ್ಣುಮಕ್ಕಳಿಗೂ ದವಡೆಯ ಕೋನ ಇರುತ್ತದೆ ಅನ್ನುವುದನ್ನು ಸರ್ಜನ್ ಮರೆಯಬಾರದು. ಇನ್ನೊಂದು, ಕೆಳಗಿನ ಮೂಳೆ ಕಿರಿದಾದರೂ ಮೇಲಿನ ಚರ್ಮ ಅಷ್ಟೇ ಇರುತ್ತದೆ. 31ಕ್ಕೆ ಅದು ಎಳೆದುಕೊಳ್ಳಬಹುದು, 40 ದಾಟಿದವರಿಗೆ ದವಡೆಯಂಚಿನಲ್ಲಿ ಜೋತುಬಿದ್ದು ಫೇಸ್‌ಲಿಫ್ಟ್ ಬೇಕಾಗುತ್ತದೆ.

ಗದ್ದ ಎತ್ತರ ಅಥವಾ ಚೌಕ ಇದ್ದರೆ ಅಂಚು ಉಜ್ಜುವುದಕ್ಕಿಂತ ಮೂಳೆಯನ್ನು ಅಡ್ಡ ಕತ್ತರಿಸಿ, ನಡುವೆ ಒಂದು ಪಟ್ಟಿ ತೆಗೆದು, ಕಿರಿದು ಮಾಡಿ ಕೂರಿಸುವುದು ಒಳ್ಳೆಯದು, ಸ್ನಾಯು ಮೂಳೆಗೆ ಅಂಟಿಕೊಂಡೇ ಬರುತ್ತದೆ. ಕೆಳತುಟಿಗೆ ಸ್ಪರ್ಶ ಕೊಡುವ ನರ ಕಿರುದವಡೆ ಹಲ್ಲುಗಳ ಕೆಳಗಿನ ರಂಧ್ರದಿಂದ ಹೊರಬರುತ್ತದೆ. ಹೊರಬರುವ ಮುನ್ನ ಅದು ಕೆಳಕ್ಕೆ ಬಾಗಿ ಮೇಲೇಳುವುದರಿಂದ ರಂಧ್ರಕ್ಕಿಂತ 5–6 ಮಿಮೀ ಕೆಳಗೇ ಕತ್ತರಿಸಬೇಕು. ಎಳೆತದಿಂದ ಆದ ಜೋಮು ತಿಂಗಳುಗಳಲ್ಲಿ ಇಳಿಯುತ್ತದೆ. ನರವೇ ತುಂಡಾದರೆ ತುಟಿ ಕಚ್ಚಿಕೊಂಡರೂ ತಿಳಿಯದು, ಜೊಲ್ಲು ಸೋರಿದರೂ ತಿಳಿಯದು.

ಮೇಲಿನ ಕೆಳಗಿನ ಹಲ್ಲುಗಳ ಹೊಂದಿಕೆ ಸರಿಯಿಲ್ಲದಿದ್ದರೆ, ಕೆಳದವಡೆ ಮುಂದೆ ಬಂದಿದ್ದರೆ, ಅದು ಬೇರೆಯೇ ಸರ್ಜರಿ, ಆರ್ಥೊಡಾಂಟಿಸ್ಟ್ ಜೊತೆ ಕೂತು ಅದನ್ನು ಮೊದಲು ತೀರ್ಮಾನಿಸಿ. ಹುಳುಕು ಹಲ್ಲಿದ್ದರೆ ಸರ್ಜರಿಗೆ ಮುಂಚೆಯೇ ಸರಿಮಾಡಿಸಿ, ಬಾಯೊಳಗಿನ ಗಾಯಕ್ಕೆ ಸೋಂಕು ಬರುವುದು ಅಲ್ಲಿಂದಲೇ.

‘ಎಲ್ಲ ಒಂದೇ ದಿನ’ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಇಡೀ ಮುಖ ಎಂದರೆ 8–10 ತಾಸಿನ ಅರಿವಳಿಕೆ. ಮೂಗಿನ ಕೆಲಸಕ್ಕೆ ಉಸಿರಾಟದ ಕೊಳವೆ ಬಾಯಲ್ಲಿರಬೇಕು, ದವಡೆಯ ಕೆಲಸಕ್ಕೆ ಮೂಗಿನಲ್ಲಿ. ನಡುವೆ ಬದಲಿಸಬೇಕಾಗುತ್ತದೆ. ಮಾಡುವವರಿದ್ದಾರೆ, ಚೆನ್ನಾಗಿ ಮಾಡುವವರೂ ಇದ್ದಾರೆ, ಆದರೆ ಇದನ್ನು ದಿನವೂ ಮಾಡುವ ತಂಡಕ್ಕೆ ಮಾತ್ರ ಬಿಡಬೇಕಾದ ಕೆಲಸ. ಹಣೆ ಮತ್ತು ಮೂಗು ಒಟ್ಟಿಗೆ ಇರಲಿ. ಹಣೆ ಹಿಂದೆ ಹೋದಾಗ ಮೂಗಿನ ಉಬ್ಬು ಮೊದಲಿಗಿಂತ ಎದ್ದು ಕಾಣುವುದರಿಂದ ಅವೆರಡನ್ನು ಬೇರೆ ಮಾಡಬಾರದು. ದವಡೆ ಮುಂದಿನ ವರ್ಷಕ್ಕಿರಲಿ.

ನಸುಕು

ಫಲ ಇದೆಯೇ ಅನ್ನುವುದಕ್ಕೆ ಅಧ್ಯಯನಗಳು ಏನು ಹೇಳುತ್ತವೆ ಅಂತ ಸ್ವಲ್ಪ ಸೇರಿಸುತ್ತೇನೆ. 2010ರಲ್ಲಿ ಏನ್ಸ್‌ವರ್ತ್ ಮತ್ತು ಸ್ಪೀಗಲ್ 247 ಟ್ರಾನ್ಸ್ ಮಹಿಳೆಯರನ್ನು ಸಮೀಕ್ಷೆ ಮಾಡಿದರು. ಯಾವ ಸರ್ಜರಿಯೂ ಆಗದವರ ಮಾನಸಿಕ ಆರೋಗ್ಯದ ಅಂಕ ಸಾಮಾನ್ಯ ಮಹಿಳೆಯರಿಗಿಂತ ಕಡಿಮೆ ಇತ್ತು. ಮುಖದ ಸರ್ಜರಿ ಆದವರಲ್ಲಿ ಆ ಅಂತರ ಕಾಣಲಿಲ್ಲ. 2020ರಲ್ಲಿ ಬಂದ, ಹಲವು ಕೇಂದ್ರಗಳ 66 ಜನರ ಅಧ್ಯಯನದಲ್ಲಿ ಮುಖದ ಬಗ್ಗೆ ತಾವೇ ಕೊಟ್ಟುಕೊಂಡ ಅಂಕ ನೂರಕ್ಕೆ 47.2 ಇದ್ದದ್ದು ಆರು ತಿಂಗಳು ದಾಟಿದ ಮೇಲೆ 80.6ಕ್ಕೆ ಏರಿತು. ಟ್ರಾನ್ಸ್ ಜನರ ಆರೋಗ್ಯದ ಅಂತರರಾಷ್ಟ್ರೀಯ ತಜ್ಞರ ಸಂಘ ಡಬ್ಲ್ಯೂಪ್ಯಾತ್ 2022ರಲ್ಲಿ ತಂದ ಮಾನದಂಡದ 8ನೇ ಆವೃತ್ತಿ ಮುಖದ ಸರ್ಜರಿಯನ್ನು ಅಲಂಕಾರದ ಸಾಲಿಗೆ ಸೇರಿಸದೆ ವೈದ್ಯಕೀಯ ಅಗತ್ಯದ ಪಟ್ಟಿಯಲ್ಲಿ ಇಟ್ಟಿದೆ.

ಇವನ್ನು ಓದುವಾಗ ಒಂದು ಎಚ್ಚರ: ಮೊದಲನೆಯದು ಒಂದೇ ಬಾರಿಯ ಸಮೀಕ್ಷೆ. ಸರ್ಜರಿ ಮಾಡಿಸಲು ಹಣ, ಬೆಂಬಲ ಇದ್ದವರ ಬದುಕು ಮೊದಲೇ ಸ್ವಲ್ಪ ಹಸನಾಗಿದ್ದಿರಬಹುದು. ಆದರೂ ದಿಕ್ಕು ಸ್ಪಷ್ಟವಾಗಿದೆ.

ನನ್ನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಇದು: ಮುಖ ಬದಲಾದರೆ ನಿಮ್ಮ ದಿನದಲ್ಲಿ ಯಾವುದು ಸಲೀಸಾಗಬೇಕು? ಕನ್ನಡಿ ನೋಡುವುದೇ, ಬಸ್ಸಲ್ಲಿ ಅಪರಿಚಿತರು ‘ಅಕ್ಕ’ ಅನ್ನುವುದೇ, ಕೆಲಸದ ಜಾಗದಲ್ಲಿ ದಿಟ್ಟಿಸಿ ನೋಡುವವರು ಕಡಿಮೆಯಾಗುವುದೇ? ಮೊದಲನೆಯದಕ್ಕೆ ನಿಮ್ಮನ್ನು ಕಾಡುವ ಭಾಗವೇ ಮೊದಲು, ಬೇರೆಯವರು ಏನೇ ಅನ್ನಲಿ. ಎರಡನೆಯ ಮೂರನೆಯದಕ್ಕೆ ಹಣೆ, ಮೂಗು, ಕೂದಲಂಚು ಹೆಚ್ಚು ಕೆಲಸ ಮಾಡುತ್ತವೆ, ಎದುರಿನವರ ಕಣ್ಣು ಮೊದಲು ಹೋಗುವುದು ಮುಖದ ಆ ಮೇಲಿನ ಭಾಗಕ್ಕೆ. ಫೋನಿನಲ್ಲಿ ‘ಸರ್’ ಅನ್ನುವುದು ನಿಲ್ಲಬೇಕಾದರೆ ಎಫ್‌ಎಫ್‌ಎಸ್‌ನಿಂದ ಏನೂ ಆಗುವುದಿಲ್ಲ, ಅದು ಧ್ವನಿಯ ಕೆಲಸ.

ಸಂಪಿಗೆ

ತುಂಬಾ ಧನ್ಯವಾದ. ನನಗೆ ಕನ್ನಡಿಯೂ ಹೌದು, ಬಸ್ಸೂ ಹೌದು. ಗಂಟಲಮಣಿ ಸಣ್ಣ ಕೆಲಸ, ಹಣೆಯ ಜೊತೆ ಸೇರಿಸಿಬಿಡೋಣ ಅಂದರು, ಅದು ಸರಿಯೇ? ಅದರಿಂದ ಧ್ವನಿ ಬದಲಾಗುತ್ತದಾ? ಮತ್ತೆ ಖರ್ಚಿನ ಬಗ್ಗೆ ಯಾರಾದರೂ ಹೇಳಿ, ಆಯುಷ್ಮಾನ್‌ನಲ್ಲಿ ಸಿಗುತ್ತದೆ ಅಂತ ಕೇಳಿದ್ದೆ.

ಬೆಳ್ಳಿಚುಕ್ಕಿ

ಹೊತ್ತಿನ ಲೆಕ್ಕದಲ್ಲಿ ಸಣ್ಣದು, ಆದರೆ ಹಗುರವಾಗಿ ತೆಗೆದುಕೊಳ್ಳುವ ಕೆಲಸವಲ್ಲ. ಗಂಟಲಮಣಿ ಅಂದರೆ ಥೈರಾಯ್ಡ್ ಮೃದ್ವಸ್ಥಿಯ ಮುಂಚಾಚು. ಅದರ ಒಳಮೈಯ ನಡುಗೆರೆಯಲ್ಲಿ, ಸುಮಾರು ಅರ್ಧ ಎತ್ತರಕ್ಕೆ, ಎರಡೂ ಧ್ವನಿತಂತುಗಳು ಬಂದು ಅಂಟಿಕೊಂಡಿರುತ್ತವೆ. ಮೇಲಿನ ಅಂಚಿನಿಂದ ಕೆರೆಯುತ್ತಾ ಬಂದು ಆ ಜಾಗ ಮುಟ್ಟಿದರೆ ತಂತು ಕಳಚಿ ಸಡಿಲವಾಗುತ್ತದೆ. ಧ್ವನಿ ಗೊಗ್ಗರಾಗಿ, ಇದ್ದದ್ದಕ್ಕಿಂತ ದಪ್ಪವಾಗಿ ಉಳಿದುಬಿಡುತ್ತದೆ. ಹಾಗಾಗಿ ಅರಿವಳಿಕೆಯಲ್ಲಿರುವಾಗಲೇ ಕ್ಯಾಮೆರಾ ಇಳಿಸಿ, ಹೊರಗಿನಿಂದ ಸೂಜಿ ಚುಚ್ಚಿ, ಅದು ತಂತುಗಳ ಮೇಲೆ ಎಲ್ಲಿ ಬಂತೆಂದು ನೋಡಿ ಗುರುತು ಮಾಡಿಕೊಂಡೇ ಕೆರೆಯುವ ಸರ್ಜನ್ ಬೇಕು. ‘ಸ್ವಲ್ಪ ಉಬ್ಬು ಉಳಿಯುತ್ತದೆ, ಪೂರ್ತಿ ಚಪ್ಪಟೆ ಮಾಡಲ್ಲ’ ಅನ್ನುವವರು ಸರಿಯಾಗಿ ಹೇಳುತ್ತಿದ್ದಾರೆ.

ಕೊಯ್ತ ಉಬ್ಬಿನ ಮೇಲೆಯೇ ಇರಬಾರದು, ಗದ್ದದ ಕೆಳಗಿನ ಮಡಿಕೆಯಲ್ಲಿರಲಿ. ಉಬ್ಬಿನ ಮೇಲಿನ ಕಲೆ ಒಳಗೆ ಅಂಟಿಕೊಂಡು ಪ್ರತಿ ಗುಟುಕಿಗೂ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ಹಣೆಯ ಜೊತೆ ಸೇರಿಸಿದರೆ ತೊಂದರೆ ಇಲ್ಲ.

ಧ್ವನಿ ಇದರಿಂದ ತೆಳುವಾಗುವುದಿಲ್ಲ, ಆಗಬೇಕೆಂದರೆ ಅದು ಬೇರೆ ಸರ್ಜರಿ. ಅದಕ್ಕೂ ಮುಂಚೆ ವಾಕ್ ಚಿಕಿತ್ಸಕರ ಹತ್ತಿರ ಅಭ್ಯಾಸ ಶುರುಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ಚಿಕಿತ್ಸೆಯ ವಿಭಾಗವೇ ಇದೆ. ಬರೀ ಸ್ಥಾಯಿ ಏರಿಸಿದರೆ ಸಾಲದು, ಬಾಯೊಳಗಿನ ಅನುರಣನ ಮತ್ತು ಮಾತಿನ ಏರಿಳಿತವನ್ನೂ ಕಲಿಸುತ್ತಾರೆ.

ಲೇಸರ್ ಬಗ್ಗೆ ಒಂದು ಮಾತು. ನಮ್ಮ ಮೈಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ:ಯಾಗ್ ಹೆಚ್ಚು ಸುರಕ್ಷಿತ. ತಿಳಿ ಚರ್ಮಕ್ಕೆ ಮಾಡಿದ ಸೆಟ್ಟಿಂಗ್ ಇಟ್ಟರೆ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಬಿಳಿ ಕೂದಲಿಗೆ ಲೇಸರ್ ಹತ್ತುವುದಿಲ್ಲ, ಅದಕ್ಕೆ ಒಂದೊಂದೇ ಕೂದಲಿನ ಬೇರನ್ನು ವಿದ್ಯುತ್ತಿನಿಂದ ಸುಡುವ ಎಲೆಕ್ಟ್ರಾಲಿಸಿಸ್. ಗಡ್ಡದ ನೆರಳು ಉಳಿದಿರುವಾಗ ದವಡೆಗೆ ಲಕ್ಷಗಟ್ಟಲೆ ಹಾಕುವುದು ತಪ್ಪು ಕ್ರಮ.

ಧಾರವಾಡದಾಕಿ

ರೊಕ್ಕದ ಮಾತು ನಾನು ಹೇಳ್ತೀನ್ರಿ. ‘ಪ್ಯಾಕೇಜ್ ಇಷ್ಟು’ ಅಂತ ಒಂದ ಸಾಲಿನ ಕೊಟೇಶನ್ ಕೊಟ್ರ ತಗೋಬ್ಯಾಡ್ರಿ. ಸರ್ಜನ್ ಫೀ, ಅರಿವಳಿಕಿ, ಓಟಿ ಖರ್ಚು, ಪ್ಲೇಟು–ಸ್ಕ್ರೂ, ಸಿಟಿ, ವಾರ್ಡು, ಐಸಿಯು ಬೇಕಾದ್ರ ಅದರ ದರ, ಔಷಧ, ಎಲ್ಲಾ ಬ್ಯಾರೆ ಬ್ಯಾರೆ ಬರಸ್ಕೋರಿ. ವರ್ಷದೊಳಗ ತಿದ್ದುಪಡಿ ಬೇಕಾತಂದ್ರ ಯಾವ ಖರ್ಚು ಯಾರ ತಲಿ ಮ್ಯಾಲೆ ಅನ್ನೂದೂ ಕಾಗದದ ಮ್ಯಾಲೆ ಇರ್ಲಿ. ಆರೋಗ್ಯ ಸೇವೆಗೆ ಜಿಎಸ್‌ಟಿ ಇಲ್ಲ, ಖರೇ. ಆದ್ರ ಕಾಸ್ಮೆಟಿಕ್ ಸರ್ಜರಿ ಅಂತ ಬಿಲ್ ಆದ್ರ 18% ಬೀಳ್ತೈತಿ. ಕೊಟೇಶನ್‌ನ್ಯಾಗ ಅದು ಸೇರೈತೋ ಇಲ್ಲೋ ಕೇಳ್ರಿ.

ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಒಪ್ಪಂದ ಆಗಿದ್ದು 2022ರ ಆಗಸ್ಟ್‌ನಾಗ, ಟಿಜಿ (ಟ್ರಾನ್ಸ್‌ಜೆಂಡರ್) ಪ್ರಮಾಣಪತ್ರ ಇದ್ದವ್ರಿಗೆ ವರ್ಷಕ್ಕ 5 ಲಕ್ಷ ಅಂತ. 2019ರ ಟ್ರಾನ್ಸ್‌ಜೆಂಡರ್ ಹಕ್ಕು ರಕ್ಷಣಾ ಕಾಯ್ದೆಯ 15ನೇ ಕಲಮಿನ್ಯಾಗೂ ವಿಮಾ ಬಗ್ಗೆ ಬರದಾರ, ಆದ್ರ ಅಲ್ಲಿ ಹೆಸರು ಹೇಳಿದ್ದು ಲಿಂಗ ಬದಲಾವಣಿ ಸರ್ಜರಿ, ಹಾರ್ಮೋನ್, ಲೇಸರ್. ಮುಖದ ಸರ್ಜರಿ ‘ಇತರೆ’ಯೊಳಗ ಹೋಗ್ತೈತಿ. ಅದಕ್ಕ ಆಸ್ಪತ್ರಿ ಆಯುಷ್ಮಾನ್ ಕೌಂಟರಿಗೆ ಹೋಗಿ, ‘ಈ ಸರ್ಜರಿಗೆ ಪ್ಯಾಕೇಜ್ ಕೋಡ್ ಐತೇನು, ಇದ್ರ ಬರದು ಕೊಡ್ರಿ’ ಅಂತ ಕೇಳ್ರಿ. ಬಾಯಿಮಾತಿನ ಮ್ಯಾಲೆ ಅಡ್ವಾನ್ಸ್ ಕಟ್ಟಬ್ಯಾಡ್ರಿ. ಖಾಸಗಿ ಪಾಲಿಸಿ ಇದ್ರ ಹೊರಗಿಟ್ಟ ಚಿಕಿತ್ಸಾ ಪಟ್ಟಿಯೊಳಗ ಎಕ್ಸ್‌ಕ್ಲೂಷನ್ 07 (ಲಿಂಗ ಬದಲಾವಣಿ) ಮತ್ತ 08 (ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿ) ಅದಾವೇನು ನೋಡ್ರಿ. ಬಾಳ ಪಾಲಿಸಿಯೊಳಗ ಎರಡೂ ಇರ್ತಾವು.

ಡಾಕ್ಟರ್ ಪ್ಲಾಸ್ಟಿಕ್ ಸರ್ಜರಿ ಎಂಸಿಎಚ್ ಇಲ್ಲಾ ಮುಖ–ದವಡೆ ಸರ್ಜರಿ ಎಂಡಿಎಸ್ ಆಗಿರ್ಬೇಕು, ಆಸ್ಪತ್ರಿಗೆ ಕೆಪಿಎಂಇ (ಕರ್ನಾಟಕದ ಖಾಸಗಿ ಆಸ್ಪತ್ರಿ ಕಾಯ್ದೆ) ನೋಂದಣಿ ಇರ್ಬೇಕು. ಫೋಟೋ ತೋರಿಸಿದ್ರ ಒಂದು ವರ್ಷ ಆದ ಮ್ಯಾಲಿಂದು, ಮೇಕಪ್ ಇಲ್ಲದ್ದು, ಕೂದಲಾ ಹಿಂದಕ್ಕ ಕಟ್ಟಿದ್ದು, ಪಕ್ಕದಿಂದ ತಗದದ್ದು ಕೇಳ್ರಿ. ಸಾಲಾ ಮಾಡಿ ಎಲ್ಲಾ ಒಮ್ಮೆ ಮಾಡಿಸೂದಕ್ಕಿಂತ ಕೈಯಾಗಿನ ರೊಕ್ಕದಾಗ ಹಣಿ ಒಂದ ಚೊಲೋ ಮಾಡ್ಸೂದು ಮೇಲು. ಎರಡು ವಾರ ಮನ್ಯಾಗ ನೋಡ್ಕೊಳ್ಳಾಕ ಒಬ್ರು ಬೇಕ ಬೇಕು, ಅವ್ರ ಪಗಾರ ತಪ್ಪೂದನ್ನೂ ಖರ್ಚಿನ್ಯಾಗ ಹಿಡೀರಿ.

ತುಂಗಾತೀರ

ತಯಾರಿಯ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ಸೇರಿಸುತ್ತೇನೆ. ಸಂಪಿಗೆ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅನ್ನುವುದನ್ನು ಅರಿವಳಿಕೆ ವೈದ್ಯರಿಗೆ ಹೆಸರು, ಪ್ರಮಾಣ ಸಮೇತ ಹೇಳಿ. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ಹಾರ್ಮೋನ್ ಬದಲಿಗೆ ನುಂಗುವವರು ನಮ್ಮಲ್ಲಿ ಇದ್ದಾರೆ. ಅದರಲ್ಲಿರುವ ಎಥಿನೈಲ್ ಎಸ್ಟ್ರಾಡಿಯೋಲ್‌ನಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹಾರ್ಮೋನ್ ಚಿಕಿತ್ಸೆಗೆ ಕೊಡುವ ಎಸ್ಟ್ರಾಡಿಯೋಲ್‌ಗಿಂತ ಹೆಚ್ಚು, ದೀರ್ಘ ಸರ್ಜರಿಯಲ್ಲಿ ಇನ್ನೂ ಹೆಚ್ಚು. ಮುಚ್ಚಿಟ್ಟರೆ ಜೀವಕ್ಕೇ ಅಪಾಯ. ನಿಲ್ಲಿಸಬೇಕೋ ಬೇಡವೋ ಅವರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ಸಿಗರೇಟು, ಗುಟ್ಕಾ, ತಂಬಾಕು ಕನಿಷ್ಠ 4 ವಾರ ಮುಂಚೆ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಕೂದಲಂಚಿನ ಚರ್ಮ ಸತ್ತುಹೋಗುವಂತೆ ಮಾಡುತ್ತದೆ. ಮುಖಕ್ಕೆ ಹಿಂದೆ ಯಾವಾಗಲಾದರೂ ದ್ರವ ಸಿಲಿಕೋನ್ ಚುಚ್ಚಿಸಿಕೊಂಡಿದ್ದರೆ ಅದನ್ನೂ ಹೇಳಬೇಕು.

ಕಿವಿ ಚುಚ್ಚಿಸಿದ ಜಾಗ, ತೋಳಿನ ಬಿಸಿಜಿ ಲಸಿಕೆಯ ಕಲೆ ನೋಡಿಕೊಳ್ಳಿ. ಅಲ್ಲಿ ದಪ್ಪ ಗಂಟು ಬೆಳೆದಿದ್ದರೆ ನಿಮಗೆ ಕೀಲಾಯ್ಡ್ ಪ್ರವೃತ್ತಿ ಇರಬಹುದು. ಆಗ ಕೂದಲಂಚಿನ ಕೊಯ್ತದ ಬಗ್ಗೆ ನಾನು ಮೇಲೆ ಹೇಳಿದ್ದನ್ನು ಸರ್ಜನ್ ಜೊತೆ ಮತ್ತೆ ಚರ್ಚಿಸಬೇಕು.

ಸರ್ಜರಿ ಆದ ಮೇಲೆ ಎರಡು ಮೂರನೇ ದಿನ ಊತ ತುದಿ ಮುಟ್ಟುತ್ತದೆ, ಕಣ್ಣು ಮುಚ್ಚಿಹೋಗಬಹುದು. ತಲೆ ಎತ್ತರಿಸಿ ಮಲಗಿ. ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಇಲ್ಲದಿದ್ದರೆ ಗಾಳಿ ಸೈನಸ್‌ನಿಂದ ಚರ್ಮದಡಿ ನುಗ್ಗುತ್ತದೆ. ಹೊಲಿಗೆ 7ರಿಂದ 10 ದಿನಕ್ಕೆ ತೆಗೆಯುತ್ತಾರೆ, ಆಫೀಸಿಗೆ 2ರಿಂದ 4 ವಾರ, ಭಾರ ಎತ್ತಲು 6 ವಾರ. ದವಡೆ ಮಾಡಿಸಿದರೆ ಗಂಜಿ, ರಾಗಿ ಅಂಬಲಿ, ಕಿವುಚಿದ ಮೊಸರನ್ನ ವಾರಗಟ್ಟಲೆ, ಪ್ರತಿ ಊಟದ ನಂತರ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಬೇಕು. ಒಂದು ಬದಿ ಮಾತ್ರ ದಿಢೀರನೆ ಊದಿದರೆ, ಕಣ್ಣು ಮಂಜಾದರೆ, ಜ್ವರದ ಜೊತೆ ಕೀವು ಬಂದರೆ, ಮೀನಖಂಡ ನೋವಾಗಿ ಬಿಗಿದರೆ ತಡಮಾಡಬೇಡಿ. ಎರಡನೇ ವಾರ ಮನಸ್ಸು ಕುಗ್ಗಿ ‘ಯಾಕಾದರೂ ಮಾಡಿಸಿದೆನೋ’ ಅನ್ನಿಸುವುದು ತುಂಬ ಜನರಿಗೆ ಆಗುತ್ತದೆ. ಆಗ ಕಾಣುವುದು ಊದಿದ ಮುಖ. ಊತ ಬಹುಪಾಲು ಇಳಿಯಲು ಮೂರು ತಿಂಗಳು, ಮೂಗಿನ ತುದಿಗೆ ಒಂದು ವರ್ಷ ಬೇಕು. ಊತ ಇಳಿದ ಮೇಲೆ ಆಧಾರ್ ಕೇಂದ್ರದಲ್ಲಿ ಫೋಟೋ ಬದಲಿಸಿಕೊಳ್ಳಿ. ಥಾಯ್ಲೆಂಡಿಗೆ ಹೋಗಿ ಮಾಡಿಸುವುದಾದರೆ ವಾಪಸ್ ಬರುವಾಗ ಪಾಸ್‌ಪೋರ್ಟ್ ಜೊತೆ ಡಿಸ್ಚಾರ್ಜ್ ಪತ್ರ ಕೈಯಲ್ಲಿರಲಿ.

ಸಿಟಿ ಮಾಡಿಸಿದಾಗ ಫಿಲಂ ಮಾತ್ರ ತರಬೇಡಿ, ಡೈಕಾಮ್ ಫೈಲು ಇರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಅದಿದ್ದರೆ ಮೂರನೇ ಸರ್ಜನ್ ಅಭಿಪ್ರಾಯಕ್ಕೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕಿಲ್ಲ. ಮುಂಗೋಡೆಯ ದಪ್ಪ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ಉಜ್ಜಿದರೆ ಸಾಕೋ ಟೈಪ್ 3 ಬೇಕೋ ಅಂತ ಆಗ ಮಾತಾಡೋಣ.